ಪಾಯದ ದುಡ್ಡು

ನನ್ನ ಹಳೆಯ ವಿದ್ಯಾರ್ಥಿಯೊಬ್ಬ 2017ರಲ್ಲಿ ಒಂದು ಫೋಟೊ ಕಳಿಸಿದ್ದ. ತಲೆಗೆ ಹಳದಿ ಹೆಲ್ಮೆಟ್ಟು, ಕೈಗೆ ಗವಸು, ಅಂಗಿಯ ಮೇಲೆಲ್ಲ ಸಿಮೆಂಟು. ಹಿಂದೆ ಎದೆಮಟ್ಟ ಎದ್ದ ಗೋಡೆ. ‘ಟೀಚರ್, ಒಂದು ವಾರ ರಜೆ ಹಾಕಿ ಗ್ವಾಟೆಮಾಲಾ ದೇಶಕ್ಕೆ ಬಂದಿದ್ದೀನಿ. ಇಲ್ಲೊಂದು ಬಡ ಕುಟುಂಬಕ್ಕೆ ಮನೆ ಕಟ್ತಿದ್ದೀವಿ’ ಎಂದು ಕೆಳಗೆ ಬರೆದಿದ್ದ. ಅವನಿಗೆ ಅಮೆರಿಕದಲ್ಲಿ ಕೆಲಸ. ಆಫೀಸಿನವರೆಲ್ಲ ಸೇರಿ ಚಂದಾ ಎತ್ತಿ, ವಿಮಾನದ ಟಿಕೆಟ್ಟನ್ನು ಅವರವರೇ ತೆಗೆಸಿಕೊಂಡು ಹೋಗಿದ್ದರಂತೆ.

ನೋಡಿ ಖುಷಿಯಾಯಿತು. ಜಗಳೂರು ತಾಲ್ಲೂಕಿನ ಅವನ ಹಟ್ಟಿಯ ಮನೆಯೂ ನೆನಪಾಯಿತು. ಜಂತೆ ಹಾಕಿ ಮೇಲೆ ಮಣ್ಣು ಹೊದಿಸಿದ ಮಾಳಿಗೆ ಮನೆ. ಜಡಿಮಳೆ ಹಿಡಿದರೆ ಸೋರುವ ಕಡೆಗೆಲ್ಲ ಪಾತ್ರೆ ಇಟ್ಟು, ಸೋರದ ಮೂಲೆಯಲ್ಲಿ ಕೂತು ಹೋಂವರ್ಕ್ ಬರೆದು ತರುತ್ತಿದ್ದ ಹುಡುಗ. ಅವನ ನೋಟ್‌ಬುಕ್ಕಿನ ಹಾಳೆಗಳಲ್ಲಿ ಕೆಸರು ಹನಿಯ ಕಲೆ ಇದ್ದೇ ಇರುತ್ತಿತ್ತು. ತಮಾಷೆಗೆಂದು ಬರೆದೆ: ‘ನಿಮ್ಮ ಹಟ್ಟಿಗೆ ಯಾವಾಗ ಬರ್ತೀಯಪ್ಪ, ಹೆಲ್ಮೆಟ್ ಹಾಕ್ಕೊಂಡು?’

ಅವತ್ತು ರಾತ್ರಿಯೇ ಫೋನು ಬಂತು. ‘ದುಡ್ಡು ನಾನು ಕಳಿಸ್ತೀನಿ. ಮನೆ ನೀವು ಕಟ್ಟಿಸಿ’ ಎಂದ. ಕೂಡುವ, ಕಳೆಯುವ ಲೆಕ್ಕ ಹೇಳಿಕೊಡುವುದು ಬಿಟ್ಟರೆ ಬೇರೇನೂ ಗೊತ್ತಿಲ್ಲದ ನಾನು ಆಯ್ತು ಎಂದುಬಿಟ್ಟೆ.

ನನ್ನ ಮೊದಲ ನೌಕರಿ ಜಗಳೂರು ತಾಲ್ಲೂಕಿನಲ್ಲಿ. ಆಗ ಅದು ಚಿತ್ರದುರ್ಗ ಜಿಲ್ಲೆ. ಚನ್ನಗಿರಿ, ಹೊನ್ನಾಳಿ ಎರಡೂ ಶಿವಮೊಗ್ಗ ಜಿಲ್ಲೆ. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರಾದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, 1997ರ ಆಗಸ್ಟ್ 15ರಂದು, ಇವೆಲ್ಲ ಸೇರಿ ದಾವಣಗೆರೆ ಜಿಲ್ಲೆಯಾಯಿತು. ಆಮೇಲೆ ನನಗೆ ನ್ಯಾಮತಿ, ಹೊನ್ನಾಳಿ, ಕೊನೆಗೆ ಚನ್ನಗಿರಿ ಕಡೆಗೆ ವರ್ಗವಾಯಿತು. ಆಗ ನ್ಯಾಮತಿ ಹೊನ್ನಾಳಿಗೆ ಸೇರಿತ್ತು, ತಾಲ್ಲೂಕಾಗಿದ್ದು ಈಚೆಗೆ. ನಾಲ್ಕೂ ಕಡೆ ಮಕ್ಕಳಿಗೆ ಪಾಠ ಹೇಳಿದ್ದರಿಂದ ನಾಲ್ಕೂ ಕಡೆಯ ಮನೆಗಳ ಒಳಗೆ ಹೋಗಿ ಗೊತ್ತು. ಶಾಲೆ ಬಿಟ್ಟ ಮಗುವನ್ನು ಕರೆತರಲು ಹೋದ ಟೀಚರಿಗೆ ಆ ಮನೆಯ ಸೂರು ಕಾಣದೇ ಇರುವುದಿಲ್ಲ.

ಜಾಲಿ ಬೆಳೆದ ಮನೆ

ಈ ಕೆಲಸಕ್ಕೆ ನಾವು ಕೆಲವರು ಜೊತೆಯಾದೆವು. ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇನೆ.

ಅವನು ಒಂದೂವರೆ ಲಕ್ಷ ಕಳಿಸಿದ. ಅವನ ಹಟ್ಟಿಯಲ್ಲೇ, ಗಂಡ ತೀರಿಕೊಂಡ, ಎರಡು ಹೆಣ್ಣುಮಕ್ಕಳಿದ್ದ ಒಬ್ಬಾಕೆಯನ್ನು ಆರಿಸಿದೆವು. ಹಳೆಯ ಗೋಡೆ ಬಿದ್ದಿದ್ದ ಜಾಗದಲ್ಲೇ ಗುದ್ದಲಿ ಪೂಜೆಯಾಯಿತು. ಎರೆ ನೆಲ. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಅದರ ಮೇಲೆ ಹಗುರವಾಗಿ ಪಾಯ ಹಾಕಿದರೆ ಎರಡು ವರ್ಷದಲ್ಲಿ ಗೋಡೆಗೆ ಬೆರಳು ತೂರುವಷ್ಟು ಬಿರುಕು ಬರುತ್ತದೆ ಎಂದು ಮೇಸ್ತ್ರಿ ಹೇಳಿದರು. ಗರಸು ಸಿಗುವವರೆಗೂ ತೆಗೆಸಿದೆವು. ಅರ್ಧ ದುಡ್ಡು ನೆಲದೊಳಗೇ ಹೋಯಿತು. ಗೋಡೆ ಲಿಂಟಲ್ ಮಟ್ಟಕ್ಕೆ ಬಂದ ದಿನ ಆಕೆಯ ಬಾವನ ಮಗ ಬಂದು ನಿಂತ. ‘ಜಾಗ ನಮ್ಮಜ್ಜನ ಹೆಸರಲ್ಲೈತಿ. ಇನ್ನೂ ಪಾಲಾಗಿಲ್ಲ. ಯಾರನ್ನ ಕೇಳಿ ಕಟ್ತೀರಿ?’

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಊರಿನ ಹಿರಿಯರನ್ನು ಸೇರಿಸಿದೆವು, ಪಂಚಾಯಿತಿ ಆಯಿತು, ಪ್ರಯೋಜನವಾಗಲಿಲ್ಲ. ಗೋಡೆ ಅಲ್ಲಿಗೇ ನಿಂತಿತು. ಈಗ ಅದರೊಳಗೆ ಆಳೆತ್ತರ ಬಳ್ಳಾರಿ ಜಾಲಿ ಬೆಳೆದಿದೆ. ಆ ದಾರಿಯ ಬಸ್ಸಿನಲ್ಲಿ ಹೋಗುವಾಗ ನಾನು ಆ ಬದಿಯ ಕಿಟಕಿಗೆ ಕೂರುವುದಿಲ್ಲ.

ಮನೆಗೆ ಮೊದಲು ಬೇಕಾದದ್ದು ಕಾಗದ, ಕಲ್ಲು ಆಮೇಲೆ. ಇದನ್ನು ಒಂದೂವರೆ ಲಕ್ಷ ಕೊಟ್ಟು ಕಲಿತೆವು. ಹಳ್ಳಿಯ ಮನೆ ಅಥವಾ ಸೈಟಿಗೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು ಬೇಕು. ನಮೂನೆ 9, ನಮೂನೆ 11 ಅನ್ನುತ್ತಾರಲ್ಲ, ಅದು. ಸರ್ಕಾರಿ ಜಾಗದಲ್ಲಿ ಹಿಂದಿನಿಂದ ಮನೆ ಮಾಡಿಕೊಂಡಿರುವವರು ಭೂಕಂದಾಯ ಕಾಯ್ದೆಯ 94ಸಿ ಕಲಮಿನಡಿ ಅರ್ಜಿ ಹಾಕಿ ಸಕ್ರಮ ಮಾಡಿಸಿಕೊಳ್ಳಬೇಕು. ತಾಂಡಾ, ಗೊಲ್ಲರಹಟ್ಟಿಗಳ ಕಥೆಯೇ ಬೇರೆ. ಎಷ್ಟೋ ತಲೆಮಾರಿನಿಂದ ಜನ ಅಲ್ಲೇ ಇದ್ದರೂ ದಾಖಲೆಯಲ್ಲಿ ಅವು ಊರೇ ಆಗಿರಲಿಲ್ಲ. ಅವನ್ನು ಕಂದಾಯ ಗ್ರಾಮ ಮಾಡಿ ಹಕ್ಕುಪತ್ರ ಕೊಡುವ ಕೆಲಸ ವೇಗ ಪಡೆದದ್ದು 2017ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿಯೇ ಬಂದು ತಾಂಡಾಗಳ ಸುಮಾರು 50 ಸಾವಿರ ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಕಾರ್ಯಕ್ರಮ ನಡೆಯಿತು. ಒಂದು ಹಾಳೆಗೆ ಅಷ್ಟು ದೊಡ್ಡ ಸಭೆ ಯಾಕೆ ಎಂದು ಪಟ್ಟಣದವರು ಕೇಳಬಹುದು. ಆ ಹಾಳೆ ಇಲ್ಲದೆ ಸರ್ಕಾರದ ಮನೆಯೂ ಇಲ್ಲ, ಬ್ಯಾಂಕಿನ ಸಾಲವೂ ಇಲ್ಲ.

ಸೂಳೆಕೆರೆಯ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಚನ್ನಗಿರಿ ತಾಲ್ಲೂಕಿನ ಆ ದೊಡ್ಡ ಕೆರೆಗೆ ಈಗ ಶಾಂತಿಸಾಗರ ಎಂದೂ ಹೆಸರಿದೆ. ರಾಜನ ಮಗಳು ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ ಜಾಗ ಸೂಳೆಗೇರಿಯವರದಾಗಿತ್ತಂತೆ. ಕೆರೆಗೆ ನಮ್ಮ ಹೆಸರಿಟ್ಟರೆ ಮನೆ ಬಿಟ್ಟುಕೊಡುತ್ತೇವೆ ಎಂದರಂತೆ. ಐತಿಹ್ಯವೇ ಇರಬಹುದು. ಆದರೆ ರಾಜನ ಮಗಳು ಕೂಡ ಮೊದಲು ಜಾಗದ ಮಾತು ಮುಗಿಸಿಯೇ ಗುದ್ದಲಿ ಹಾಕಿಸಬೇಕಾಯಿತು ಎಂದು ಅದು ಹೇಳುತ್ತದೆ. ನಾವು ಅಷ್ಟೂ ಯೋಚಿಸಿರಲಿಲ್ಲ.

‘ದುಡ್ಡಿದ್ದಿದ್ರೆ ಯಾಕ್ ಕೇಳ್ತಿದ್ದೆ?’

ಎರಡನೆಯ ಪಾಠ ಹೇಳಿದವಳು ಹೊನ್ನಾಳಿ ಕಡೆಯ ಒಬ್ಬ ಹೆಂಗಸು. ಅವಳ ಮಗ ನನ್ನ ವಿದ್ಯಾರ್ಥಿ. ಅವಳಿಗೆ ಮನೆ ಮಂಜೂರಾಗಿ, ಕಾರ್ಯಾದೇಶವೂ ಕೈಗೆ ಬಂದಿತ್ತು. ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ದೇವರ ಫೋಟೊದ ಹಿಂದೆ ಸಿಕ್ಕಿಸಿದ್ದಳು. ಆರು ತಿಂಗಳಾದರೂ ಒಂದು ಕಲ್ಲು ಬಿದ್ದಿರಲಿಲ್ಲ. ‘ಮನೆ ಬಂದೈತಲ್ಲ, ಯಾಕ್ ಶುರು ಮಾಡಿಲ್ಲವ್ವಾ?’ ಎಂದು ಕೇಳಿದೆ. ‘ಪಾಯ ಹಾಕಿದ ಮೇಲೆ ಬಿಲ್ ಆಗತ್ತಂತೆ ಟೀಚರ್. ಪಾಯ ಹಾಕೋ ದುಡ್ಡು ಇದ್ದಿದ್ರೆ ನಾನ್ಯಾಕ್ ಮನೆ ಕೇಳ್ತಿದ್ದೆ?’

ಎಲ್ಲಿ ಗಂಟು ಬಿದ್ದಿದೆ ಎಂದು ಆಗ ಗೊತ್ತಾಯಿತು.

ಬಡವರಿಗೆ ಮನೆ ಕೊಡುವುದು ನಮ್ಮ ರಾಜ್ಯಕ್ಕೆ ಹೊಸದಲ್ಲ. ದೇವರಾಜ ಅರಸರ ಕಾಲದ ಜನತಾ ಮನೆಗಳನ್ನು ಈಗಲೂ ಊರ ಹೊರಗೆ ‘ಜನತಾ ಕಾಲೊನಿ’ ಎಂದು ಗುರುತು ಹಿಡಿಯುತ್ತಾರೆ. ಆಮೇಲೆ ಆಶ್ರಯ, ಬಸವ ವಸತಿ, ಅಂಬೇಡ್ಕರ್ ನಿವಾಸ ಬಂದವು. ಇವನ್ನು ನೋಡಿಕೊಳ್ಳಲು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವಿದೆ. ಕೇಂದ್ರದ ಇಂದಿರಾ ಆವಾಸ್ 2016ರಲ್ಲಿ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಾಯಿತು. ಬಯಲು ಸೀಮೆಗೆ 1.20 ಲಕ್ಷ ರೂಪಾಯಿ, ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು ಎಂದು ಅದರಲ್ಲಿ ಗೊತ್ತುಮಾಡಿದರು. ಶೌಚಾಲಯಕ್ಕೆ 12,000 ಮತ್ತು ನರೇಗಾದಲ್ಲಿ 90 ದಿನದ ಕೂಲಿ ಬೇರೆ.

ನಮ್ಮ ಬಸವ ವಸತಿಯಲ್ಲಿ ಹಣ ಬರುವುದು ನಾಲ್ಕು ಹಂತದಲ್ಲಿ: ಪಾಯ, ಲಿಂಟಲ್, ಛಾವಣಿ, ಕೊನೆಗೆ ಪೂರ್ತಿ ಮನೆ. ಪ್ರತಿ ಹಂತ ಮುಗಿದ ಮೇಲೆ ಪಂಚಾಯಿತಿಯವರು ಬಂದು ಮೊಬೈಲಿನಲ್ಲಿ ಜಿಪಿಎಸ್ ಫೋಟೊ ಹೊಡೆಯುತ್ತಾರೆ. ಫೋಟೊ ಮೇಲಕ್ಕೆ ಹೋಗಿ ಒಪ್ಪಿಗೆಯಾದರೆ ದುಡ್ಡು ನೇರ ಫಲಾನುಭವಿಯ ಖಾತೆಗೆ ಬರುತ್ತದೆ. ಹೇಳಿದ ಸಮಯದೊಳಗೆ ಶುರು ಮಾಡದಿದ್ದರೆ ‘ಮನೆ ಬ್ಲಾಕ್ ಆಗೈತಿ’ ಎನ್ನುತ್ತಾರೆ. ಈ ಪದ್ಧತಿ ತಂದದ್ದು ಒಳ್ಳೆಯದಕ್ಕೇ. ಮೊದಲೆಲ್ಲ ಕಟ್ಟದ ಮನೆಗೂ ಬಿಲ್ ಆಗುತ್ತಿದ್ದ ಕಥೆಗಳನ್ನು ಕೇಳಿ ಬೆಳೆದವರು ನಾವು. ಆದರೆ ಕಳ್ಳನನ್ನು ತಡೆಯಲು ಹಾಕಿದ ಬೇಲಿ, ಕೈಯಲ್ಲಿ ಕಾಸಿಲ್ಲದವಳಿಗೂ ಅಡ್ಡವಾಯಿತು. ಮನೆ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವಳ ಹತ್ತಿರವೇ ಮೊದಲ ಹಂತದ ದುಡ್ಡು ಇರುವುದಿಲ್ಲ.

ಹುಡುಗನಿಗೆ ಫೋನ್ ಮಾಡಿದೆ. ‘ಪೂರ್ತಿ ಮನೆ ಬೇಡ. ಪಾಯದ ದುಡ್ಡು ಕಳಿಸು’ ಎಂದೆ. ಐವತ್ತು ಸಾವಿರ ಬಂತು. ಅವಳ ಮನೆಯ ಪಾಯ ಎದ್ದಿತು. ಫೋಟೊ ತೆಗೆಯುವ ದಿನ ಆಕೆ ಮದುವೆಯ ಸೀರೆ ಉಟ್ಟು ತಯಾರಾಗಿದ್ದಳು. ಬಂದವರು ‘ಪಾಯದ ಮುಂದೆ ನಿಂತ್ಕಳಮ್ಮ’ ಎಂದರೆ ಅವಳು ಪಾಯದ ಒಳಗೇ ಇಳಿದು, ಅಡುಗೆಮನೆ ಬರುವ ಮೂಲೆ ಹುಡುಕಿ, ಅಲ್ಲಿ ಸೆರಗು ಸರಿ ಮಾಡಿಕೊಂಡು ನಿಂತಳು. ತಿಂಗಳೊಪ್ಪತ್ತಿನಲ್ಲಿ ಮೊದಲ ಬಿಲ್ಲಾಯಿತು. ಅದರಲ್ಲೇ ಲಿಂಟಲ್‌ವರೆಗೆ ಗೋಡೆ ಎದ್ದಿತು. ಹೀಗೆ ಒಂದು ಹಂತದ ದುಡ್ಡು ಮುಂದಿನ ಹಂತಕ್ಕೆ ಆಗುತ್ತಾ ಹೋಗಿ, ಕೊನೆಯ ಬಿಲ್ ಆದಾಗ ನಮ್ಮ ಐವತ್ತು ಸಾವಿರದಲ್ಲಿ ನಲವತ್ತು ಸಾವಿರ ಹಿಂದಕ್ಕೆ ಕೊಟ್ಟಳು. ಉಳಿದ ಹತ್ತು ಸಾವಿರವನ್ನು ಎರಡು ಅಡಿಕೆ ಸುಗ್ಗಿಯಲ್ಲಿ ತೀರಿಸಿದಳು. ಅದೇ ದುಡ್ಡು ಮುಂದಿನ ಪಾಯಕ್ಕೆ ಹೋಯಿತು.

ಸರ್ಕಾರದ ಹಣದಲ್ಲೇ ಮನೆ ಮುಗಿಯುತ್ತದೆ ಎಂದಲ್ಲ. ಎರಡಂಕಣದ ಮನೆ, ಎಷ್ಟೇ ಹಿಡಿದು ಕಟ್ಟಿದರೂ, ನಮ್ಮ ಕಡೆ ಈಗ ಮೂರು ಲಕ್ಷ ದಾಟುತ್ತದೆ. ಉಳಿದದ್ದಕ್ಕೆ ಹೆಂಗಸರು ಸಂಘದ ಸಾಲ ಎತ್ತುತ್ತಾರೆ. ಸಾಲ ಕಡಿಮೆಯಾಗಲೆಂದು ನಾವು ಸಾಮಾನು ಬೇಡುತ್ತೇವೆ. ಹಳೆ ಮನೆ ಕೆಡವಿದವರು ಬಾಗಿಲು, ಕಿಟಕಿ, ಹೆಂಚು ಕೊಟ್ಟಿದ್ದಾರೆ. ಚನ್ನಗಿರಿಯ ಅಡಿಕೆ ಬೆಳೆಗಾರರೊಬ್ಬರು ಬೆಲೆ ಬಂದ ವರ್ಷ ಇಪ್ಪತ್ತು ಮೂಟೆ ಸಿಮೆಂಟ್ ಇಳಿಸಿ, ತಮ್ಮ ಹೆಸರು ಎಲ್ಲೂ ಬರೆಯಬಾರದು ಎಂದರು. ಕೂಲಿಯ ಭಾಗ ಮುಯ್ಯಾಳಿನ ಲೆಕ್ಕದಲ್ಲಿ ನಡೆಯುತ್ತದೆ: ಇವತ್ತು ನಿಮ್ಮ ಮನೆಗೆ ನಾವು ಕಲ್ಲು ಹೊತ್ತರೆ ನಾಳೆ ನಮ್ಮ ಹೊಲಕ್ಕೆ ನೀವು ಬರಬೇಕು.

ಗ್ವಾಟೆಮಾಲಾದಂಥ ಕಡೆ ಸ್ವಯಂಸೇವಕರನ್ನು ಕರೆದೊಯ್ಯುವುದರಲ್ಲಿ ಹೆಸರಾದ ಸಂಸ್ಥೆ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ. ಅದರ ಬಗ್ಗೆ ಆಮೇಲೆ ಓದಿದೆ. ಮಿಲರ್ಡ್ ಫುಲ್ಲರ್ ಮತ್ತು ಲಿಂಡಾ ಫುಲ್ಲರ್ ದಂಪತಿ 1976ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಕಟ್ಟಿದ ಸಂಸ್ಥೆ ಅದು. ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1984ರಲ್ಲಿ ಸುತ್ತಿಗೆ ಹಿಡಿದು ಅದರ ಕೆಲಸಕ್ಕೆ ಇಳಿದ ಮೇಲೆ ಜಗತ್ತಿಗೆಲ್ಲ ಗೊತ್ತಾಯಿತು. 2006ರಲ್ಲಿ, 82ನೇ ವಯಸ್ಸಿನಲ್ಲಿ, ಅವರು ಮಹಾರಾಷ್ಟ್ರದ ಲೋಣಾವಳ ಹತ್ತಿರದ ಹಳ್ಳಿಗೂ ಬಂದು 100 ಮನೆಗಳ ಕೆಲಸದಲ್ಲಿ ಕೈಜೋಡಿಸಿದ್ದರು. ನನಗೆ ಹಿಡಿಸಿದ್ದು ಅವರ ಲೆಕ್ಕ. ಅಲ್ಲಿ ಮನೆ ಪುಕ್ಕಟೆಯಲ್ಲ. ಮನೆ ಪಡೆಯುವವರು ತಾವೂ ಮೈಮುರಿದು ದುಡಿಯಬೇಕು, ಲಾಭವಿಲ್ಲದ ಅಸಲನ್ನು ವರ್ಷಗಟ್ಟಲೆ ಕಂತಿನಲ್ಲಿ ತೀರಿಸಬೇಕು. ಆ ಕಂತು ಇನ್ನೊಬ್ಬರ ಮನೆಗೆ ಹೋಗುತ್ತದೆ. ಓದಿ ನಕ್ಕೆ. ಹೊನ್ನಾಳಿಯ ಆ ತಾಯಿ ಇದನ್ನೇ ತಾನೇ ಮಾಡಿದ್ದು!

ನಾಲ್ಕು ಸೀಮೆ, ನಾಲ್ಕು ತೊಡಕು

ಒಂದೇ ಜಿಲ್ಲೆಯಾದರೂ ಒಂದು ಕಡೆಯ ಲೆಕ್ಕ ಇನ್ನೊಂದು ಕಡೆ ನಡೆಯುವುದಿಲ್ಲ.

ಜಗಳೂರಿನಲ್ಲಿ ತೊಡಕು ನೀರಿನದು. ಛಾವಣಿಗೆ ಕಾಂಕ್ರೀಟ್ ಹಾಕಿದ ಮೇಲೆ ದಿನಾ ನೀರು ಹೊಡೆಯಬೇಕು. ಕುಡಿಯುವ ನೀರಿಗೇ ಸಾಲು ನಿಲ್ಲುವ ಊರಲ್ಲಿ ಛಾವಣಿಗೆ ನೀರು ಸುರಿದರೆ ಅಕ್ಕಪಕ್ಕದವರು ಸುಮ್ಮನಿರುತ್ತಾರೆಯೇ? ಒಂದು ಮನೆಗೆ ನಾವು ಟ್ಯಾಂಕರ್ ತರಿಸಿ, ಹುಲ್ಲು ಹಾಸಿ ನೆನೆಸಿ ಇಟ್ಟಿದ್ದೆವು. ತುಂಗಭದ್ರೆಯಿಂದ 57 ಕೆರೆ ತುಂಬಿಸುವ ಯೋಜನೆಯ ನೀರನ್ನು ಅಲ್ಲಿಯ ಜನ ಬೆಳೆಗಷ್ಟೇ ಕಾದವರಲ್ಲ.

ಹೊನ್ನಾಳಿಯಲ್ಲಿ ಅದೇ ತುಂಗಭದ್ರೆ ಹೆಚ್ಚಾಗಿ ತೊಂದರೆ. 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿ ಬಾಲರಾಜ ಘಾಟ್ ಭಾಗದ ಮನೆಗಳಿಗೆ ನೀರು ನುಗ್ಗಿತು. ಆ ವರ್ಷ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು. ಅಲ್ಲಿಯೂ ಹಂತ, ಅಲ್ಲಿಯೂ ಫೋಟೊ. ಬಾಡಿಗೆಗಿದ್ದವರ ಪಾತ್ರೆ-ಪಡಗ ಹೋಗಿತ್ತು. ಮನೆ ಅವರದ್ದಲ್ಲವಾದ್ದರಿಂದ ಮನೆಯ ಹಣ ಅವರಿಗಿಲ್ಲ.

ನ್ಯಾಮತಿ ಕಡೆ ತಾಂಡಾಗಳು ಹೆಚ್ಚು. ಸಂತ ಸೇವಾಲಾಲರ ಹುಟ್ಟೂರು ಸೂರಗೊಂಡನಕೊಪ್ಪ ಇರುವುದು ಇಲ್ಲೇ. ಮೆಕ್ಕೆಜೋಳ ಒಕ್ಕಿದ ಮೇಲೆ ಎಷ್ಟೋ ಮನೆಯವರು ಕಾಫಿ ಸೀಮೆಗೋ ಕಬ್ಬು ಕಡಿಯಲಿಕ್ಕೋ ಹೊರಡುತ್ತಾರೆ. ಫೋಟೊ ತೆಗೆಯಲು ಬಂದವರಿಗೆ ಬೀಗ ಸಿಗುತ್ತದೆ. ಮನೆಯೊಡತಿ ಚಿಕ್ಕಮಗಳೂರಿನ ತೋಟದಲ್ಲಿದ್ದರೆ ಲಿಂಟಲ್ಲಿನ ಮುಂದೆ ನಿಲ್ಲುವವರು ಯಾರು? ಬಸ್ ಚಾರ್ಜು ಕೊಟ್ಟು ಒಂದು ದಿನದ ಮಟ್ಟಿಗೆ ಕರೆಸಿಕೊಂಡದ್ದೂ ಉಂಟು. ನಾವು ಮಾಡಿದ ಖರ್ಚುಗಳಲ್ಲಿ ಅತಿ ಕಡಿಮೆಯದು, ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ.

ಚನ್ನಗಿರಿಯಲ್ಲಿ ನೀರಿದೆ, ತೋಟವಿದೆ, ದುಡ್ಡೂ ಇದೆ. ಇಲ್ಲದ್ದು ಜಾಗ. ತೋಟದ ಅಂಚಿನಲ್ಲಿ ಅಡಿಕೆ ದಬ್ಬೆಯ ಗೋಡೆ, ಸೋಗೆಯ ಸೂರು ಮಾಡಿಕೊಂಡ ಕೂಲಿಯವರಿಗೆ ಕಾಲಡಿಯ ನೆಲ ಸಾಹುಕಾರರದು. ಅಂಥವರಿಗೆ ಸೈಟು ಸಿಗದೆ ಮನೆಯ ಮಾತೇ ಇಲ್ಲ.

ಇಟ್ಟಿಗೆ ಹಿಡಿದವನು, ಸಾಲಲ್ಲಿ ಕೂತವನು

ಹುಡುಗ ಊರಿಗೆ ಬಂದಾಗ ನ್ಯಾಮತಿ ಹತ್ತಿರ ಒಂದು ಮನೆ ಏಳುತ್ತಿತ್ತು. ಗ್ವಾಟೆಮಾಲಾದ ಅನುಭವ ಇತ್ತಲ್ಲ, ಬೆಳಿಗ್ಗೆಯೇ ಕರಣೆ ಹಿಡಿದು ನಿಂತ. ಮಧ್ಯಾಹ್ನದ ಹೊತ್ತಿಗೆ ಎರಡು ವರಸೆ ಇಟ್ಟಿಗೆ ಕೂರಿಸಿದ. ಮೇಸ್ತ್ರಿ ಏನೂ ಹೇಳಲಿಲ್ಲ. ‘ಊಟ ಮಾಡ್ಕಂಡ್ ಬರ್ರಿ ಸಾರ್’ ಎಂದು ಕಳಿಸಿ, ತೂಕದ ಗುಂಡು ಇಳಿಬಿಟ್ಟು ನೋಡಿ, ಎರಡೂ ವರಸೆ ಕಿತ್ತು ಮತ್ತೆ ಕಟ್ಟಿದರು. ಊಟ ಮುಗಿಸಿ ಬಂದವನಿಗೆ ದಾರದಂತೆ ನೇರವಾದ ಗೋಡೆ ಕಂಡು ಹೆಮ್ಮೆಯೋ ಹೆಮ್ಮೆ. ಸಂಜೆ ನಾನೇ ನಿಜ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಸುಮ್ಮನೆ ಕೂತು, ‘ಹಾಗಾದ್ರೆ ಅಲ್ಲಿ ನಾನು ಕಟ್ಟಿದ್ದನ್ನೂ ಯಾರೋ ಕಿತ್ತು ಕಟ್ಟಿರ್ಬೇಕು’ ಎಂದ.

ಮರುದಿನದಿಂದ ಅವನು ಬೇರೆ ಕೆಲಸಕ್ಕೆ ನಿಂತ. ಇನ್ನೊಬ್ಬ ಹೆಂಗಸಿನ ಆಧಾರ್‌ನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು ಹೆಸರು ಇತ್ತು. ಒಂದು ಕಡೆ ‘ಅಮ್ಮ’, ಇನ್ನೊಂದು ಕಡೆ ‘ಬಾಯಿ’. ಆ ಒಂದು ಪದಕ್ಕಾಗಿ ಬಿಲ್ ನಿಂತಿತ್ತು. ಮೂರು ದಿನ ಅವಳ ಜೊತೆ ಸಾಲಲ್ಲಿ ನಿಂತು, ಅರ್ಜಿ ತುಂಬಿ, ಸರಿ ಮಾಡಿಸಿದ. ಅವನು ಕಟ್ಟಿದ ನಿಜವಾದ ಗೋಡೆ ಅದು. ಸೇವೆ ಮಾಡಬೇಕೆಂದು ಬರುವ ಓದಿದ ಹುಡುಗರಿಗೆ ನಾನು ಹೇಳುವುದೂ ಅದನ್ನೇ: ಇಟ್ಟಿಗೆ ಕಟ್ಟುವವರು ಊರಲ್ಲಿ ಬೇಕಾದಷ್ಟಿದ್ದಾರೆ. ಕಚೇರಿಯ ಬೆಂಚಿನ ಮೇಲೆ ಬೇಸರವಿಲ್ಲದೆ ಕೂರುವವರು ಬೇಕು.

ದೊಡ್ಡವರು ದೊಡ್ಡದಾಗಿ ಮಾಡುತ್ತಾರೆ. 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ತನ್ನ ‘ವಾತ್ಸಲ್ಯ’ ಕಾರ್ಯಕ್ರಮದಲ್ಲಿ ಯಾರೂ ಇಲ್ಲದ ವೃದ್ಧರಿಗೆ ಮಾಸಾಶನ ಕೊಟ್ಟು, ತೀರಾ ಅಗತ್ಯವಿದ್ದವರಿಗೆ ಪುಟ್ಟ ಮನೆಯನ್ನೂ ಕಟ್ಟಿಕೊಡುತ್ತದೆ. ಒಂಟಿ ಮುದುಕಿಗೆ ಪಾಯದ ದುಡ್ಡು ಕೊಟ್ಟು ಬಾಕಿ ನೀನು ನೋಡಿಕೋ ಎನ್ನಲು ಆಗುವುದಿಲ್ಲ. ಅಂಥವರಿಗೆ ಪೂರ್ತಿ ಮನೆಯೇ ಆಗಬೇಕು. 2009ರ ನೆರೆಯ ಮೇಲೆ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಹೆಸರಿನಲ್ಲಿ ಕಂಪನಿಗಳು, ಮಠಗಳು ಸರ್ಕಾರದ ಜೊತೆಗೂಡಿ ಹೊಸ ಊರುಗಳನ್ನೇ ಎಬ್ಬಿಸಿದವು. ಅವುಗಳಲ್ಲಿ ಕೆಲವಕ್ಕೆ ಜನ ಹೋಗಲೇ ಇಲ್ಲ. ಹೊಲ ದೂರವಾಯಿತು, ದನ ಕಟ್ಟಲು ಜಾಗವಿರಲಿಲ್ಲ. ಮನೆಯಲ್ಲಿ ಇರುವವರನ್ನು ಕೇಳದೆ ಕಟ್ಟಿದರೆ ಬೀಗಕ್ಕೆ ಮನೆ ಕಟ್ಟಿದ ಹಾಗೆ.

ಹೊರದೇಶದ ದುಡ್ಡಿಗೆ ಒಂದು ಮಾತು

ಹೊರಗಿರುವ ಮಕ್ಕಳು ಊರಿನ ಕೆಲಸಕ್ಕೆ ದುಡ್ಡು ಕಳಿಸುವಾಗ ಗೊತ್ತಿರಬೇಕಾದ ಒಂದು ಕಾನೂನಿದೆ. ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರದ್ದು, ಓಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಅದನ್ನು ಪಡೆಯುವ ಸಂಸ್ಥೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಬೇಕು. 2020ರ ತಿದ್ದುಪಡಿಯ ನಂತರ ಅಂಥ ಹಣ ಮೊದಲು ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನಮ್ಮದು ನೋಂದಣಿ ಇಲ್ಲದ ಸಣ್ಣ ಗುಂಪು. ಹುಡುಗ ಅಮೆರಿಕದ ಪೌರನಾದ ದಿನದಿಂದ ಅವನ ದುಡ್ಡು ಬೇಡ ಎಂದೆವು. ಈಗ ಅವನು ನಮ್ಮ ಲೆಕ್ಕದ ಪುಸ್ತಕ ನೋಡಿಕೊಳ್ಳುತ್ತಾನೆ. ಯಾವ ಮನೆಯ ಯಾವ ಹಂತ ಬಾಕಿ ಇದೆ ಎಂದು ತಿಂಗಳಿಗೊಮ್ಮೆ ಅವನೇ ನನಗೆ ಹೇಳುತ್ತಾನೆ.

ನಮ್ಮ ಗುಂಪಿನಲ್ಲಿ ಹನ್ನೊಂದು ಜನ. ಇಷ್ಟು ವರ್ಷಕ್ಕೆ ಒಂಬತ್ತು ಮನೆ ಎದ್ದಿವೆ; ದೊಡ್ಡ ಸಾಧನೆಯೇನಲ್ಲ. ಒಬ್ಬಾಕೆ ದುಡ್ಡು ತಿರುಗಿಸಲಿಲ್ಲ. ಗಂಡನನ್ನು ಆಸ್ಪತ್ರೆಗೆ ಸೇರಿಸಿದ್ದಳು, ನಾವು ಕೇಳಲೂ ಹೋಗಲಿಲ್ಲ. ಅದನ್ನು ಹನ್ನೊಂದು ಜನವೂ ಹಂಚಿಕೊಂಡು ತುಂಬಿದೆವು.

ಓದುತ್ತಿರುವ ನಿಮಗೆ ಒಂದು ಕೆಲಸ ಹೇಳುತ್ತೇನೆ. ನಿಮ್ಮೂರಿನ ಮುಂದಿನ ಗ್ರಾಮಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ. ಮನೆ ಮಂಜೂರಾಗಿಯೂ ಪಾಯ ತೆಗೆಯದವರು ಯಾರಿದ್ದಾರೆ ಎಂದು ಒಂದೇ ಒಂದು ಪ್ರಶ್ನೆ ಕೇಳಿ. ಹೆಸರು ಬರುತ್ತದೆ. ಮೊದಲು ಅವಳ ಜಾಗದ ಕಾಗದ ನೋಡಿ, ಆಮೇಲೆ ಜೇಬಿಗೆ ಕೈ ಹಾಕಿ.

ಹುಡುಗ ಕಳಿಸಿದ ಆ ಐವತ್ತು ಸಾವಿರ ಸದ್ಯ ಚನ್ನಗಿರಿ ತಾಲ್ಲೂಕಿನ ಒಂದು ಪಾಯದಲ್ಲಿದೆ. ಫೋಟೊ ಹೊಡೆದಿದ್ದಾರೆ. ಬಿಲ್ ಇನ್ನೂ ಆಗಿಲ್ಲ.